ಆದ್ಯತೆ ಯಾರಿಗೆ?



ಸಾಲು ಎಂದರೇನೆಂದು ನಮ್ಮ ಪಾಡಿಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಹೆಸರು ಕೂಗುವಾಗ ಸಾಲು, ಸಂಜೆ ಎಲೆ ತೂಕಕ್ಕೆ ಸಾಲು, ರೇಷನ್ ಅಂಗಡಿಯಲ್ಲಿ ಸಾಲು, ಸರಕಾರಿ ಆಸ್ಪತ್ರೆಯಲ್ಲಿ ಚೀಟಿಗೆ ಸಾಲು. ನಾವು ವಾಸಿಸುವ ಮನೆಗಳಿಗೂ ಲೈನ್ ಎಂದೇ ಹೆಸರು. ಸಾಲಿನಲ್ಲಿ ನಿಲ್ಲುವುದನ್ನು ನಾವು ಅವಮಾನವೆಂದು ಎಣಿಸಿದವರಲ್ಲ. ಮೊದಲು ಬಂದವನಿಗೆ ಮೊದಲು, ಆಮೇಲೆ ಬಂದವನಿಗೆ ಆಮೇಲೆ. ಬಡವನಿಗೆ ಈ ಲೋಕದಲ್ಲಿ ಸಿಕ್ಕಿರುವ ಕೆಲವೇ ಸಮಾನತೆಗಳಲ್ಲಿ ಇದೂ ಒಂದು. ಆ ಸರದಿಯನ್ನೂ ಈಗ ಮಾರಾಟಕ್ಕೆ ಇಟ್ಟಿದ್ದಾರೆ. ಅದನ್ನು ಕಣ್ಣಾರೆ ಕಂಡುಬಂದ ಮೇಲೆ ಸುಮ್ಮನಿರುವುದು ಸರಿಯಲ್ಲವೆಂದು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಕೆಲವು ದಿನಗಳ ಹಿಂದೆ ನಮ್ಮ ಕೂಟದ ಒಬ್ಬ ಯುವಕನನ್ನು ಗಲ್ಫಿಗೆ ಕಳುಹಿಸಿಕೊಡಲು ಹೋಗಿದ್ದೆವು. ನಿಲ್ದಾಣದ ಹೆಸರು ಬೇಡ, ವಿಮಾನ ಕಂಪನಿಯ ಹೆಸರೂ ಬೇಡ. ಈ ಪದ್ಧತಿ ಒಂದೆರಡು ಕಡೆ ಮಾತ್ರ ಇರುವುದಲ್ಲ. ಘಾಟಿಯ ತಿರುವಿನಲ್ಲಿ ಲಾರಿ ಕೆಟ್ಟು ನಿಂತರೆ ಗಂಟೆಗಟ್ಟಲೆ ತಡೆಯೆಂದು ಹೆದರಿ ಮಧ್ಯರಾತ್ರಿಯೇ ಹೊರಟೆವು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಗಾಜಿನ ಗೋಡೆಯ ಹೊರಗೆ ನಿಂತು ನೋಡಿದೆವು. ಒಳಗೆ ಒಂದು ಉದ್ದ ಸಾಲು, ಹಾವಿನಂತೆ ಸುತ್ತಿ ಸುತ್ತಿ ನಿಂತಿತ್ತು. ಅದರ ಪಕ್ಕದಲ್ಲೇ ಕೆಂಪು ಹಾಸು ಹಾಸಿದ ಇನ್ನೊಂದು ದಾರಿ; ಅಲ್ಲಿ ಒಬ್ಬರೂ ಇಲ್ಲ, ಮೇಜಿನ ಹಿಂದೆ ಒಬ್ಬ ಗುಮಾಸ್ತೆ ಸುಮ್ಮನೆ ಕುಳಿತಿದ್ದಳು. ಆಗ ಸಣ್ಣ ಚೀಲ ಹಿಡಿದ ಒಬ್ಬ ದೊಡ್ಡ ಮನುಷ್ಯರು ಬಂದರು, ಒಂದು ಕಾರ್ಡು ತೋರಿಸಿದರು, ನಾಲ್ಕು ನಿಮಿಷದಲ್ಲಿ ಒಳಗೆ ಹೋದರು. ನಮ್ಮ ಹುಡುಗನ ಸರದಿ ಬರುವಾಗ ಎರಡು ಗಂಟೆ ಕಳೆದಿತ್ತು. ತೂಕ ಹೆಚ್ಚೆಂದು ಅವನ ಪೆಟ್ಟಿಗೆಯನ್ನು ನೆಲದ ಮೇಲೆ ಬಿಚ್ಚಿಸಿದರು. ತಾಯಿ ಹುರಿದು ಪುಡಿಮಾಡಿ ಕಟ್ಟಿಕೊಟ್ಟ ಕಾಫಿಪುಡಿಯನ್ನೂ ಉಪ್ಪಿನಕಾಯಿಯನ್ನೂ ತೆಗೆದು, ಬಾಗಿಲ ಬಳಿ ತಂದು ನಮ್ಮ ಕೈಗೆ ಕೊಟ್ಟು ಹಿಂದಕ್ಕೆ ಓಡಿದ. ತೋಟದ ತಕ್ಕಡಿಯಲ್ಲಿ ಗೋಣಿಯ ತೂಕ, ನೀರಿನ ತೂಕವೆಂದು ಕಳೆಯುವುದನ್ನು ನೋಡಿ ಬೆಳೆದ ಹುಡುಗನಿಗೆ ತಕ್ಕಡಿ ಹೊಸದಲ್ಲ.

ಆಗ ಆ ತಾಯಿ ಕೇಳಿದಳು: "ಆ ಕಡೆ ಯಾರೂ ಇಲ್ವಲ್ಲ ಅಯ್ಯನವರೇ, ನನ್ನ ಮಗ ಅಲ್ಲಿ ಹೋಗಿ ನಿಂತಿದ್ರೆ ಆಗ್ತಿರಲಿಲ್ವಾ?"

ನಮ್ಮಲ್ಲಿ ಯಾರಿಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಆ ದಾರಿಯ ಮೇಲಿನ ಹಲಗೆಯಲ್ಲಿ ಇಂಗ್ಲಿಷಿನಲ್ಲಿ 'ಪ್ರಯಾರಿಟಿ' ಎಂದು ಬರೆದಿತ್ತು. ಪ್ರಯಾರಿಟಿ ಎಂದರೆ ಆದ್ಯತೆ, ಮೊದಲ ಸ್ಥಾನ. ಪ್ರಿಯರೇ, ಈ ಮಾತು ನಮಗೆ ಪರಿಚಿತವಾದುದೇ. ಕೇರಳದ ರೇಷನ್ ಕಾರ್ಡುಗಳಲ್ಲಿ ಹಳದಿ ಕಾರ್ಡು ಕಡುಬಡವರದು. ಗುಲಾಬಿ ಬಣ್ಣದ ಕಾರ್ಡಿಗೆ ಸರಕಾರ ಇಟ್ಟಿರುವ ಹೆಸರೇ ಆದ್ಯತೆಯ ಕಾರ್ಡು. ನೀಲಿ ಮತ್ತು ಬಿಳಿ ಕಾರ್ಡು ಆದ್ಯತೆ ಇಲ್ಲದವರದು. ರೇಷನ್ ಅಂಗಡಿಯಲ್ಲಿ ಆದ್ಯತೆ ಎಂದರೆ ಯಾರ ಮನೆಯಲ್ಲಿ ಅಕ್ಕಿ ಇಲ್ಲವೋ ಅವರಿಗೆ ಮೊದಲು ಎಂದರ್ಥ. ವಿಮಾನ ನಿಲ್ದಾಣದಲ್ಲಿ ಅದೇ ಮಾತಿಗೆ ಯಾರ ಕಿಸೆ ತುಂಬಿದೆಯೋ ಅವರಿಗೆ ಮೊದಲು ಎಂದರ್ಥ. ಒಂದೇ ಶಬ್ದ, ಎರಡು ಲೋಕ!

ಈ ಕಾರ್ಡಿನ ಹುಟ್ಟನ್ನು ತಿಳಿದುಕೊಳ್ಳುವುದು ಒಳ್ಳೆಯದು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿಯು ಪದೇ ಪದೇ ತನ್ನ ವಿಮಾನ ಹತ್ತುವವರ ಲೆಕ್ಕವಿಟ್ಟು ಅವರಿಗೆ ಬಹುಮಾನ ಕೊಡುವ ಯೋಜನೆಯನ್ನು ಆರಂಭಿಸಿತು. ನಮ್ಮ ವಯನಾಡು ಅದರ ಹಿಂದಿನ ವರ್ಷವಷ್ಟೇ ಜಿಲ್ಲೆಯಾಗಿತ್ತು. ಬಳಿಕ ಲೋಕದ ದೊಡ್ಡ ಕಂಪನಿಗಳೆಲ್ಲ ಅದೇ ಹಾದಿ ಹಿಡಿದವು. ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಮೆಟ್ಟಿಲುಗಳಾದವು. ಮೇಲಿನ ಮೆಟ್ಟಿಲಿನವರಿಗೆ ಬೇರೆ ಸಾಲು, ಹೆಚ್ಚು ಸಾಮಾನು, ಕಾಯುವುದಕ್ಕೆ ಬೇರೆ ಕೋಣೆ. ಮೊದಮೊದಲು ಎಷ್ಟು ಮೈಲಿ ಹಾರಿದೆ ಎಂದು ಎಣಿಸುತ್ತಿದ್ದರು. ಈಗ ಅನೇಕ ಕಂಪನಿಗಳು ಎಷ್ಟು ಹಣ ಖರ್ಚು ಮಾಡಿದೆ ಎಂದೇ ಎಣಿಸುತ್ತವೆ. ಏರ್ ಇಂಡಿಯಾ ಕೂಡ 2024ರಲ್ಲಿ ಈ ಖರ್ಚಿನ ಲೆಕ್ಕಕ್ಕೆ ಬದಲಾಯಿತು.

ಇದರಲ್ಲಿ ಇನ್ನೊಂದು ಗುಟ್ಟಿದೆ. ಪದೇ ಪದೇ ಹಾರುವವರಲ್ಲಿ ಬಹಳ ಮಂದಿ ತಮ್ಮ ಹಣದಿಂದ ಹಾರುವವರಲ್ಲ. ಟಿಕೆಟಿನ ಹಣ ಕೊಡುವುದು ಅವರು ಕೆಲಸ ಮಾಡುವ ಕಂಪನಿ. ಕಾರ್ಡು ಮಾತ್ರ ಅವರ ಸ್ವಂತ ಹೆಸರಿನಲ್ಲಿ. ತೋಟದ ಕಂಪನಿಯ ಅಧಿಕಾರಿಗಳು ಮೀಟಿಂಗಿಗೆಂದು ಹಾರುವಾಗ ಆ ಖರ್ಚು ಯಾವ ಲೆಕ್ಕದಿಂದ ಹೋಗುತ್ತದೆ? ಮಳೆಯಲ್ಲಿ ನಿಂತು, ಜಿಗಣೆಗೆ ರಕ್ತ ಕೊಟ್ಟು ನಮ್ಮ ಹೆಂಗಸರು ಕಿತ್ತ ಎಲೆಯ ಲೆಕ್ಕದಿಂದ! ನಮ್ಮ ಹುಡುಗನಾದರೋ ಎರಡು ವರ್ಷಕ್ಕೊಮ್ಮೆ ಹಾರುತ್ತಾನೆ, ಅದೂ ತಾಯಿಯ ಕಿವಿಯೋಲೆ ಅಡವಿಟ್ಟು. ಅವನಿಗೆ ಬೆಳ್ಳಿಯೂ ಇಲ್ಲ, ಚಿನ್ನವೂ ಇಲ್ಲ. ಇದ್ದ ಚಿನ್ನವನ್ನು ಅಡವಿಟ್ಟೇ ಅವನು ಆ ಸಾಲಿಗೆ ಬಂದದ್ದು.

ಯಾಕೋಬನು ತನ್ನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಒಂದು ಸಭೆಯ ಚಿತ್ರವನ್ನು ಕೊಡುತ್ತಾನೆ. ಚಿನ್ನದ ಉಂಗುರ ತೊಟ್ಟು ಒಳ್ಳೆಯ ಬಟ್ಟೆ ಹಾಕಿಕೊಂಡವನು ಬಂದಾಗ ಅವನಿಗೆ ಒಳ್ಳೆಯ ಆಸನ. ಕೊಳಕು ಬಟ್ಟೆಯ ಬಡವನು ಬಂದಾಗ ಅವನಿಗೆ ನಿಲ್ಲುವ ಜಾಗ, ಇಲ್ಲವೆ ಕಾಲ ಬುಡ. ಹೀಗೆ ಭೇದ ಮಾಡುವವರನ್ನು ಅಪೊಸ್ತಲನು ಕೆಟ್ಟ ಆಲೋಚನೆಯ ನ್ಯಾಯಾಧಿಪತಿಗಳೆಂದು ಖಂಡಿಸುತ್ತಾನೆ. ಅಂದಿನ ಚಿನ್ನದ ಉಂಗುರವೇ ಇಂದಿನ ಚಿನ್ನದ ಕಾರ್ಡು. ಬೆರಳಿನಿಂದ ಕಿಸೆಗೆ ಇಳಿದಿದೆ, ಅಷ್ಟೇ.

"ಅವರು ಹೆಚ್ಚು ಹಣ ಕೊಟ್ಟಿದ್ದಾರೆ, ಮೊದಲು ಹೋಗುತ್ತಾರೆ; ಇದರಲ್ಲಿ ಅನ್ಯಾಯವೇನು?" ಎಂದು ಕೇಳುವವರಿದ್ದಾರೆ. ಹೆಚ್ಚು ಕೊಟ್ಟವನು ಅಗಲವಾದ ಕುರ್ಚಿಯಲ್ಲಿ ಕುಳಿತುಕೊಳ್ಳಲಿ, ಒಳ್ಳೆಯ ಊಟ ಮಾಡಲಿ. ನಮಗೆ ಹೊಟ್ಟೆಕಿಚ್ಚಿಲ್ಲ. ಕುರ್ಚಿ ಕಂಪನಿಯದು, ಅದನ್ನು ಮಾರಲಿ. ಆದರೆ ಸರದಿ ಯಾರದು? ಅದು ಮುಂಚೆ ಬಂದು ಕಾಲು ನೋಯಿಸಿಕೊಂಡು ನಿಂತವನದು. ಅವನ ಮುಂದೆ ಇನ್ನೊಬ್ಬನನ್ನು ಬಿಟ್ಟಾಗ ಬೆಲೆ ತೆತ್ತವನು ಅವನು, ಹಣ ಪಡೆದದ್ದು ಕಂಪನಿ. ತನ್ನದಲ್ಲದ್ದನ್ನು ಮಾರುವುದಕ್ಕೆ ನಮ್ಮೂರಲ್ಲಿ ಒಂದು ಹೆಸರಿದೆ. ಅದನ್ನು ಇಲ್ಲಿ ಬರೆಯಬೇಕಾಗಿಲ್ಲ. ಇನ್ನೂ ಒಂದು ಮಾತು: ಸಾಮಾನ್ಯರ ಸಾಲು ಗಿಡ್ಡವಾದರೆ ಕಾರ್ಡಿಗೆ ಬೆಲೆ ಎಲ್ಲಿದೆ? ನಮ್ಮ ಸಾಲು ಉದ್ದವಾದಷ್ಟೂ ಅವರ ಸರಕಿಗೆ ಗಿರಾಕಿ ಹೆಚ್ಚು. ಹಾಗಿರುವಾಗ ಸುಮ್ಮನೆ ಕುಳಿತ ಗುಮಾಸ್ತೆಯನ್ನು ಈ ಕಡೆಗೆ ಕರೆಯಲು ಅವರಿಗೇನು ಅವಸರ?

"ಕೂಲಿ, ಬೋನಸ್, ಸೋರುವ ಮಾಡು ಇವೆಲ್ಲ ಇರುವಾಗ ವಿಮಾನದ ಸಾಲಿನ ಚಿಂತೆ ನಮಗೇಕೆ?" ಎಂದು ನಮ್ಮವರೇ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಈ ರೋಗ ಒಂದು ಮೇಜಿನ ಬಳಿ ನಿಲ್ಲುವುದಿಲ್ಲ. ಟಿಕೆಟ್ ಮೇಜು ಕಂಪನಿಯದು, ಸರಿ. ದೊಡ್ಡ ನಿಲ್ದಾಣಗಳಲ್ಲಿ ಭದ್ರತಾ ತಪಾಸಣೆಯ ಬಳಿಯೂ ಮೇಲ್ದರ್ಜೆಯವರಿಗೆ ಬೇರೆ ದಾರಿ ಇರುವುದುಂಟು. ಅಲ್ಲಿ ನಿಂತಿರುವವರು ಸರಕಾರದ ಪೊಲೀಸರು, ಅವರ ಸಂಬಳ ಪ್ರಜೆಗಳ ಹಣ. ಬೆಂಕಿಪೆಟ್ಟಿಗೆ ಕೊಂಡಾಗಲೂ ತೆರಿಗೆ ಕೊಡುವ ನಾವು ಆ ಸಾಲಿನಲ್ಲಿ ಹಿಂದೆ ಏಕೆ ನಿಲ್ಲಬೇಕು? ಇಂದು ಅಲ್ಲಿ ಒಪ್ಪಿದರೆ ನಾಳೆ ಆಸ್ಪತ್ರೆಯ ಚೀಟಿಗೂ ಒಪ್ಪಬೇಕಾಗುತ್ತದೆ.

ಸರಕಾರವೂ ಜನರನ್ನು ವಿಂಗಡಿಸಿದ್ದುಂಟು. 1983ರ ವಲಸೆ ಕಾಯಿದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಬೇರೆ ಗುಂಪಿಗೆ ಸೇರುತ್ತದೆ. ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರು ಮೊದಲೇ ಅಪ್ಪಣೆ ಪಡೆಯಬೇಕು. ಆದಾಯ ತೆರಿಗೆ ಕಟ್ಟುವವರಿಗೆ ಆ ಕಟ್ಟಳೆ ಇಲ್ಲ. ಬಡವರು ಏಜೆಂಟರ ಮೋಸಕ್ಕೆ ಬೀಳದಿರಲಿ ಎಂಬುದು ಆ ನಿಯಮದ ಉದ್ದೇಶ. ಅದನ್ನು ನಾವು ಹಳಿಯುವುದಿಲ್ಲ. ಆದರೆ 2018ರ ಜನವರಿಯಲ್ಲಿ ಏನಾಯಿತು? ಇಂಥವರ ಪಾಸ್‌ಪೋರ್ಟಿಗೆ ಕಿತ್ತಳೆ ಬಣ್ಣದ ಹೊದಿಕೆ ಹಾಕುತ್ತೇವೆಂದು ವಿದೇಶಾಂಗ ಇಲಾಖೆ ಪ್ರಕಟಿಸಿತು. ಲೋಕದ ಯಾವ ನಿಲ್ದಾಣದಲ್ಲಿ ಇಳಿದರೂ ಇವನು ಓದದ ಬಡವನೆಂದು ದೂರದಿಂದಲೇ ಗುರುತಿಸುವ ಬಣ್ಣ! ಕೇರಳದಲ್ಲಿಯೂ ಹೊರಗೂ ಜನ ಪ್ರತಿಭಟಿಸಿದರು. ಅದೇ ತಿಂಗಳ 30ರಂದು ಇಲಾಖೆ ಆ ಯೋಚನೆಯನ್ನು ಕೈಬಿಟ್ಟಿತು. ಬಾಯಿ ತೆರೆದರೆ ಬಣ್ಣ ಬದಲಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಬೇರೆ ಬಗೆಯ ಸಾಲನ್ನೂ ನಮ್ಮ ನಾಡು ಕಂಡಿದೆ. 2020ರ ಆಗಸ್ಟ್ 7ರ ಮಳೆಯ ರಾತ್ರಿ, ದುಬೈಯಿಂದ ಬಂದ ವಿಮಾನವು ಕರಿಪುರದ ಗುಡ್ಡದ ಮೇಲಿನ ಓಟದ ಹಾದಿಯನ್ನು ದಾಟಿ ಕೆಳಕ್ಕೆ ಬಿದ್ದು ಒಡೆಯಿತು. 190 ಮಂದಿ ಇದ್ದರು, 21 ಜನ ಸತ್ತರು. ಕೊರೋನಾ ಕಾಲದಲ್ಲಿ ಕೆಲಸ ಕಳಕೊಂಡು ಮರಳುತ್ತಿದ್ದವರೂ ಅದರಲ್ಲಿದ್ದರು. ಸೋಂಕಿನ ಭಯ ಬಿಟ್ಟು ಸುತ್ತಲಿನ ಊರಿನವರು ಓಡಿಬಂದು ಗಾಯಗೊಂಡವರನ್ನು ಹೊತ್ತರು. ಆ ರಾತ್ರಿ ಆಸ್ಪತ್ರೆಗಳ ಮುಂದೆ ರಕ್ತ ಕೊಡಲು ಜನ ಸಾಲುಗಟ್ಟಿ ನಿಂತರು. ಆ ಸಾಲಿನಲ್ಲಿ ಯಾರಾದರೂ ಕಾರ್ಡು ತೋರಿಸಿದರೇ? ಯಾರ ರಕ್ತ ಯಾವ ದರ್ಜೆಯ ಪ್ರಯಾಣಿಕನಿಗೆ ಎಂದು ಕೇಳಿದರೇ? 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಗಳ ಪಾಡಿಗಳು ಮಣ್ಣಿನಡಿ ಹೋದಾಗ, ಶಿಬಿರದ ಊಟದ ಸಾಲಿನಲ್ಲಿ ಮಕ್ಕಳಿಗೂ ಮುದುಕರಿಗೂ ಮೊದಲು ಎಂದೆವೇ ಹೊರತು ಬೇರೆ ಮಾತು ಯಾರ ಬಾಯಲ್ಲಿ ಬಂತು?

ಆದ್ದರಿಂದ ಆದ್ಯತೆಯೇ ಬೇಡವೆಂದು ನಾವು ಹೇಳುವುದಿಲ್ಲ. ತುಂಬು ಗರ್ಭಿಣಿ, ಕೈಗೂಸಿನ ತಾಯಿ, ಗಾಲಿಕುರ್ಚಿಯಲ್ಲಿರುವವನು, ತಂದೆ ಸತ್ತನೆಂಬ ಸುದ್ದಿ ಕೇಳಿ ಊರಿಗೆ ಓಡುವ ಮಗ, ಇವರಿಗೆ ಮೊದಲ ಸ್ಥಾನ ಕೊಡಲಿ. ನಾವು ಸಂತೋಷದಿಂದ ಹಿಂದೆ ಸರಿಯುತ್ತೇವೆ. ಕೊಳದ ಬಳಿ ಬಿದ್ದುಕೊಂಡಿದ್ದ, 38 ವರ್ಷದಿಂದ ರೋಗಿಯಾಗಿದ್ದವನ ಕಥೆಯನ್ನು ಯೋಹಾನನ ಸುವಾರ್ತೆ 5ನೇ ಅಧ್ಯಾಯದಲ್ಲಿ ಓದುತ್ತೇವೆ. ನೀರು ಉಕ್ಕಿದಾಗಲೆಲ್ಲ ಅವನಿಗಿಂತ ಮುಂಚೆ ಇನ್ನೊಬ್ಬನು ಇಳಿಯುತ್ತಿದ್ದನು. ಕರ್ತನು ಬಂದಾಗ ಬಲವುಳ್ಳವರನ್ನು ಹುಡುಕಲಿಲ್ಲ, ಸರದಿ ಸಿಗದೆ ಬಿದ್ದವನ ಬಳಿಗೇ ನೇರವಾಗಿ ಹೋದನು. ದ್ರಾಕ್ಷಾತೋಟದ ಸಾಮ್ಯದಲ್ಲಿಯೂ (ಮತ್ತಾಯ 20) ಸಂಜೆ ಕೂಲಿ ಬಟವಾಡೆಯಾದದ್ದು ಕಡೆಗೆ ಬಂದವರಿಂದಲೇ. ತೋಟದ ಕೆಲಸದವರಾದ ನಮಗೆ ಆ ಸಾಮ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಬೆರಳು ಹೊರಗೆ ಚಾಚುವ ಮುಂಚೆ ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಸುಗ್ಗಿಯ ಹಬ್ಬದ ದಿನ ಮ್ಯಾನೇಜರರಿಗೂ ಕಂಟ್ರಾಕ್ಟರರಿಗೂ ಮುಂದಿನ ಸಾಲಿನಲ್ಲಿ ಬಟ್ಟೆ ಹೊದಿಸಿದ ಕುರ್ಚಿ ಹಾಕುವವರು ಯಾರು? ಜಾರ್ಖಂಡ್, ಅಸ್ಸಾಮಿನಿಂದ ಕೆಲಸಕ್ಕೆ ಬಂದ ಬಡವರು ಆರಾಧನೆಗೆ ಬಂದರೆ ಬಾಗಿಲ ಬಳಿ ನಿಲ್ಲಿಸುವವರು ಯಾರು? ಗಲ್ಫಿನಿಂದ ಬಂದವನ ಕೈಗಡಿಯಾರ ನೋಡಿ ಪಂಕ್ತಿಯಲ್ಲಿ ಮೊದಲ ಎಲೆ ಹಾಕುವವರು ಯಾರು? ನಾವೇ ಅಲ್ಲವೇ? ನಮ್ಮ ಸಭೆಯಲ್ಲಿ ಕೆಂಪು ಹಾಸು ಹಾಸಿ, ನಿಲ್ದಾಣದ ಕೆಂಪು ಹಾಸನ್ನು ಬೈಯುವುದು ಕಪಟವಾಗುತ್ತದೆ.

ನಾವು ಕೇಳುವುದು ಮೂರು. ಸರಕಾರದ ನೌಕರರು ನಿಂತಿರುವ ಕಡೆಯಲ್ಲೆಲ್ಲಾ, ಭದ್ರತೆಯಾಗಲಿ ವಲಸೆ ತಪಾಸಣೆಯಾಗಲಿ, ಹಣದ ಮೇಲೆ ಸಾಲು ವಿಂಗಡಿಸಬಾರದು. ಅಗತ್ಯದ ಮೇಲೆ ಮಾತ್ರ ವಿಂಗಡಿಸಬೇಕು. ಎರಡನೆಯದಾಗಿ, ಜನ ಕಾಯುತ್ತಿರುವಾಗ ಯಾವ ಮೇಜೂ ಖಾಲಿ ಕೂರಬಾರದು. ನಮ್ಮ ಯೂನಿಯನ್‌ಗಳು, ಪ್ರವಾಸಿ ಸಂಘಗಳು ಇದನ್ನು ಬರೆದು ಕೇಳಬೇಕು. ಮೂರನೆಯದು ನಮ್ಮ ಕೈಯಲ್ಲೇ ಇದೆ: ಬರುವ ಸುಗ್ಗಿಯ ಹಬ್ಬದಲ್ಲಿ ಮುಂದಿನ ಕುರ್ಚಿಗಳಲ್ಲಿ ನಮ್ಮ ಪಾಡಿಯ ಅತ್ಯಂತ ಹಿರಿಯ ಅಜ್ಜಿಯರು ಕುಳಿತಿರಬೇಕು.

ಆ ತಾಯಿಯ ಪ್ರಶ್ನೆಗೆ ಅಂದು ಕೊಡದ ಉತ್ತರವನ್ನು ಇಂದು ಕೊಡುತ್ತೇವೆ. ಆಗ್ತಿತ್ತಮ್ಮಾ. ನಿನ್ನ ಮಗ ಅಲ್ಲಿ ನಿಂತಿದ್ದರೆ ದೇವರ ಲೆಕ್ಕದಲ್ಲಿ ಯಾವ ತಪ್ಪೂ ಇರುತ್ತಿರಲಿಲ್ಲ. ಲೆಕ್ಕ ತಪ್ಪಿರುವುದು ಹಲಗೆ ಬರೆದವರದು. ಅವನು ತೆಗೆದುಕೊಟ್ಟ ಕಾಫಿಪುಡಿಯನ್ನು ಜೋಪಾನವಾಗಿ ಇಟ್ಟಿರು. ಅವನು ರಜೆಗೆ ಬಂದಾಗ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಕುಡಿಯೋಣ.

ಕರ್ತನ ಕೃಪೆ ನಿಮ್ಮೆಲ್ಲರ ಸಂಗಡ ಇರಲಿ.