ಚಿಮಣಿಗೆ ಜಾಮೀನು ಉಂಟು, ಮನೆಗೆ ಇಲ್ಲ!

ಹಳೆಯ ಗಿರಣಿಗಳನ್ನೂ ಕಾರ್ಖಾನೆಗಳನ್ನೂ ದುರಸ್ತಿ ಮಾಡಿ ಅವಕ್ಕೆ ಹೊಸ ವೇಷ ತೊಡಿಸುವ ಕೆಲಸ ಈಗ ಲೋಕದ ಎಲ್ಲ ಕಡೆ ನಡೆದಿದೆ. ಅದರ ಜೊತೆಜೊತೆಗೇ ಫೋಟೋ ತೆಗೆಯುವ ಕೆಲಸವೂ ಭರದಿಂದ ಸಾಗಿದೆ. ಮುರಿದ ಕಿಟಕಿಯ ಪಟ, ಹೊಸ ಗಾಜಿನ ಪಟ. ತುಕ್ಕು ಹಿಡಿದ ಕ್ರೇನಿನ ಪಟ, ಬಣ್ಣ ಬಳಿದ ಕ್ರೇನಿನ ಪಟ. ನೋಡಿದವರು ತಲೆದೂಗುತ್ತಾರೆ. ನಾವು ಫೋಟೋ ತೆಗೆಯುವುದನ್ನು ವಿರೋಧಿಸುವವರಲ್ಲ. ಯಾರ ಪಟ, ಯಾರ ಸಲುವಾಗಿ ಎಂದು ಕೇಳುವವರು.

ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಕಥೆಯನ್ನೇ ನೋಡೋಣ. ಥೇಮ್ಸ್ ನದಿಯ ದಡದಲ್ಲಿ 1929ರಲ್ಲಿ ಅದರ ಕಟ್ಟೋಣ ಆರಂಭವಾಯಿತು. ಸುಮಾರು 60 ಲಕ್ಷ ಇಟ್ಟಿಗೆಗಳ ಕಟ್ಟಡ. ಮೂಲೆಗೊಂದರಂತೆ ನಾಲ್ಕು ಬಿಳಿಯ ಚಿಮಣಿಗಳು. ಮೊದಲ ಭಾಗವನ್ನು ಕಟ್ಟುವಾಗಲೇ ಅಪಘಾತಗಳಲ್ಲಿ 6 ಮಂದಿ ಸತ್ತರು, 121 ಅಪಘಾತಗಳಲ್ಲಿ ಕೆಲಸಗಾರರು ಗಾಯಗೊಂಡರು. ಆದರೆ ಲೋಕಕ್ಕೆ ಆ ಕಟ್ಟಡದ ಗುರುತು ಹತ್ತಿದ್ದು ಬೇರೊಂದು ಪಟದಿಂದ. 1976ರಲ್ಲಿ ಒಂದು ಸಂಗೀತ ತಂಡ ತನ್ನ ಹಾಡಿನ ತಟ್ಟೆಯ ಹೊದಿಕೆಗೆ ಆ ಚಿಮಣಿಗಳ ನಡುವೆ ಗಾಳಿ ತುಂಬಿದ ಹಂದಿಯೊಂದನ್ನು ಹಾರಿಸಿತು. ಆಗ ಒಳಗೆ ಜನ ದುಡಿಯುತ್ತಲೇ ಇದ್ದರು. ಲೋಕ ಕಂಡದ್ದು ಹಂದಿಯನ್ನು, ಕಲ್ಲಿದ್ದಲು ತುಂಬುವವನನ್ನಲ್ಲ!

1983ರಲ್ಲಿ ಸ್ಥಾವರ ಮುಚ್ಚಿತು. ವಿನೋದದ ಉದ್ಯಾನ ಮಾಡುತ್ತೇವೆಂದು ಬಂದವರು ಸೂರು ಕಿತ್ತರು, ಯಂತ್ರ ತೆಗೆದರು, ಹಣ ಸಾಲದೆ 1989ರಲ್ಲಿ ಕೈಬಿಟ್ಟರು. ಕಟ್ಟಡ ವರ್ಷಗಟ್ಟಲೆ ಮಳೆಯಲ್ಲಿ ನೆನೆಯಿತು. 2012ರಲ್ಲಿ ಮಲೇಷ್ಯದ ಕಂಪನಿಗಳ ಕೂಟವೊಂದು 40 ಕೋಟಿ ಪೌಂಡಿಗೆ ಅದನ್ನು ಕೊಂಡಿತು. ಆ ಕೂಟದಲ್ಲಿ ಮಲೇಷ್ಯದ ನೌಕರರ ಪ್ರಾವಿಡೆಂಟ್ ಫಂಡಿನ ಪಾಲೂ ಇತ್ತೆಂಬುದನ್ನು ನಮ್ಮ ಕಾರ್ಮಿಕ ಓದುಗರು ಗಮನಿಸಬೇಕು. ಒಂದು ದೇಶದ ದುಡಿಮೆಗಾರ ಮುಪ್ಪಿಗೆಂದು ಕೂಡಿಟ್ಟ ದುಡ್ಡು ಇನ್ನೊಂದು ದೇಶದ ದುಡಿಮೆಗಾರನಿಗೆ ಎಟುಕದ ಮಹಡಿ ಮನೆಯಾಗುವುದು ಬಂಡವಾಳದ ಮಾಯೆ.

ಇನ್ನು ದುರಸ್ತಿಯ ವಿಷಯ. ಹಳೆಯ ಇಟ್ಟಿಗೆಗೆ ಹೊಂದುವ 17 ಲಕ್ಷಕ್ಕೂ ಹೆಚ್ಚು ಹೊಸ ಇಟ್ಟಿಗೆಗಳನ್ನು, ಮೊದಲು ಇಟ್ಟಿಗೆ ಒದಗಿಸಿದ್ದ ಗೂಡುಗಳಿಂದಲೇ ತರಿಸಿದರು. ಚಿಮಣಿಗಳ ಒಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು. ಅವನ್ನು ಕೆಡವಿ, ಅದೇ ಅಳತೆಯಲ್ಲಿ ಮತ್ತೆ ಕಟ್ಟಿ 2017ರಲ್ಲಿ ಮುಗಿಸಿದರು. ಇದು ಮೆಚ್ಚತಕ್ಕ ಕುಶಲ ಕೆಲಸವೇ. ಕೆಡವಿದ ಮೇಲೆ ಕಟ್ಟದೆ ಹೋದರೆ ಏನು ಗತಿ ಎಂದು ಸ್ಥಳೀಯ ಪೌರಸಭೆ ಮೊದಲೇ ಕಂಪನಿಯಿಂದ ಠೇವಣಿಯನ್ನೂ ಇಡಿಸಿಕೊಂಡಿತ್ತು.

ಅದೇ 2017ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಆ ಜಾಗದಲ್ಲಿ ಕಟ್ಟುವ 4,000ಕ್ಕೂ ಮೀರಿದ ಮನೆಗಳಲ್ಲಿ 636 ಮನೆಗಳನ್ನು ಸಾಮಾನ್ಯ ಜನರ ಕೈಗೆಟುಕುವ ದರಕ್ಕೆ ಕೊಡುವುದಾಗಿ ಕಂಪನಿ ಒಪ್ಪಿತ್ತು. ಖರ್ಚು ಹೆಚ್ಚಿತು, ಗಿಟ್ಟುವುದಿಲ್ಲ ಎಂದು ಆ ಸಂಖ್ಯೆಯನ್ನು 386ಕ್ಕೆ ಇಳಿಸಿತು. ಅದೇ ಪೌರಸಭೆ ಅದಕ್ಕೆ ಒಪ್ಪಿಗೆ ಕೊಟ್ಟಿತು. 250 ಮನೆಗಳು ಕಾಗದದ ಮೇಲೆಯೇ ಉರುಳಿದವು. ಚಿಮಣಿಗೆ ಜಾಮೀನು ಸಿಕ್ಕಿತು. ಬಡವನ ಮನೆಗೆ ಸಿಗಲಿಲ್ಲ!

2022ರ ಅಕ್ಟೋಬರ್ 14ರಂದು ಕಟ್ಟಡದ ಬಾಗಿಲು ತೆರೆಯಿತು. ಒಳಗೆ ಅಂಗಡಿ ಸಾಲು, ಐಷಾರಾಮದ ವಸತಿ. ಒಂದು ಚಿಮಣಿಯೊಳಗಿಂದ 109 ಮೀಟರ್ ಎತ್ತರಕ್ಕೆ ಏರುವ ಗಾಜಿನ ಲಿಫ್ಟು. ಇದೆಲ್ಲದರ ಪಟಗಳು ರಾಶಿರಾಶಿ ಇವೆ. ಆದರೆ ಕಟ್ಟದೆ ಉಳಿದ 250 ಮನೆಗಳ ಪಟ ತೆಗೆಯುವುದು ಹೇಗೆ? ಇಲ್ಲದ್ದು ಕ್ಯಾಮರಾಕ್ಕೆ ಕಾಣುವುದಿಲ್ಲ. ಆದ್ದರಿಂದಲೇ ಪಟದ ಕೆಳಗೆ ಲೆಕ್ಕ ಬರೆಯುವವನೊಬ್ಬ ಬೇಕು.

ಬಂಡವಾಳ ಬಾರದಿದ್ದರೆ ಕಟ್ಟಡ ನೆಲಕ್ಕೆ ಬೀಳುತ್ತಿತ್ತಲ್ಲ ಎಂದು ಕೆಲವರು ಕೇಳಬಹುದು. ಬೀಳುತ್ತಿತ್ತೋ ಏನೋ. ಆದರೆ ಚಿಮಣಿಯನ್ನು ಹಾಗೆಯೇ ಉಳಿಸಬೇಕೆಂಬ ಷರತ್ತು ಹಾಕಿದರೂ ಬಂಡವಾಳ ಓಡಿಹೋಗಲಿಲ್ಲ. ಹಟ ಹಿಡಿದು ಕೇಳುವವರಿದ್ದರೆ ಮನೆಗೂ ಅದೇ ಷರತ್ತು ಹಾಕಬಹುದಿತ್ತು.

ಇದು ದೂರದ ಊರಿನ ಮಾತಲ್ಲ. ಮುಂಬಯಿಯಲ್ಲಿ 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಬಳಿಕ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಉಳಿದದ್ದು ಸುಮಾರು 600 ಎಕರೆ ಜಮೀನು. 1991ರ ನಿಯಮದಂತೆ ಮಾರಲು ಹೊರಟ ಗಿರಣಿ ಜಮೀನಿನಲ್ಲಿ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲೀಕರಿಗೆ ಸಲ್ಲಬೇಕಾಗಿತ್ತು. 2001ರ ತಿದ್ದುಪಡಿ ಆ ಹಂಚಿಕೆಯನ್ನು ಖಾಲಿ ಜಾಗಕ್ಕೆ ಮಾತ್ರ ಸೀಮಿತ ಮಾಡಿತು. ಸುಪ್ರೀಂ ಕೋರ್ಟು 2006ರಲ್ಲಿ ಅದನ್ನೇ ಎತ್ತಿಹಿಡಿಯಿತು. ಫೀನಿಕ್ಸ್ ಮಿಲ್ಲಿನ ಚಿಮಣಿ ಇಂದೂ ಅಂಗಡಿಗಳ ಮಧ್ಯೆ ನಿಂತಿದೆ. ಜನ ಅದರ ಪಟ ಹಿಡಿಯುತ್ತಾರೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತೆಂಬ ಗಾದೆ ಇದಕ್ಕಲ್ಲದೆ ಇನ್ನಾವುದಕ್ಕೆ?

ಕ್ಯಾಮರಾ ಯಜಮಾನನ ಆಳಾಗಿಯೇ ಇರಬೇಕೆಂದಿಲ್ಲ. ಅಮೆರಿಕದಲ್ಲಿ ಲೂಯಿಸ್ ಹೈನ್ ಎಂಬಾತ 1908ರಿಂದ ಬಾಲಕಾರ್ಮಿಕರ ಪರವಾದ ಸಮಿತಿಗಾಗಿ ಹತ್ತಿಯ ಗಿರಣಿಗಳನ್ನು ಹೊಕ್ಕು ಪಟ ತೆಗೆದ. ಕಾವಲುಗಾರ ಬಿಡದ ಕಡೆ ವೇಷ ಮರೆಸಿಕೊಂಡು ಹೋದ. ತನ್ನ ಕೋಟಿನ ಗುಂಡಿಗಳ ಅಳತೆಯಿಂದ ಮಕ್ಕಳ ಎತ್ತರ ಗೊತ್ತುಮಾಡಿಕೊಂಡು, ಹೆಸರು, ವಯಸ್ಸುಗಳನ್ನು ಗುಟ್ಟಾಗಿ ಬರೆದುಕೊಂಡ. ಆ ಪಟಗಳು ಜನರ ಮನಸ್ಸನ್ನು ಕಲಕಿದವು. 1916ರಲ್ಲಿ ಆದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 1918ರಲ್ಲಿ ತಳ್ಳಿಹಾಕಿತು. ಹೋರಾಟ ನಿಲ್ಲಲಿಲ್ಲ, 1938ರಲ್ಲಿ ಗಟ್ಟಿಯಾದ ಕಾನೂನು ಬಂತು. ಪಟವೊಂದೇ ಇದನ್ನು ಸಾಧಿಸಲಿಲ್ಲ. ಪಟ, ಲೆಕ್ಕ, ಸಂಘಟನೆ ಮೂರೂ ಕೂಡಿದಾಗ ಕೆಲಸವಾಯಿತು.

ಇಂದು ಕ್ಯಾಮರಾ ಕಾರ್ಮಿಕನ ಕಿಸೆಯಲ್ಲೇ ಇದೆ. ಊರಿನಲ್ಲಿ ಹಳೆಯ ಗಿರಣಿಯೊಂದರ ದುರಸ್ತಿ ಆರಂಭವಾದರೆ ಕಂಪನಿಯ ಫೋಟೋಗ್ರಾಫರನಿಗಾಗಿ ಕಾಯಬೇಕಾಗಿಲ್ಲ. ಬಾಗಿಲು ಮುಚ್ಚಿದ ದಿನದ ನೋಟೀಸಿನ ಪಟ ತೆಗೆಯಿರಿ. ಬಾಕಿ ಸಂಬಳಕ್ಕಾಗಿ ಅಲೆಯುವವರ ಪಟ, ಅವರ ಒಪ್ಪಿಗೆ ಪಡೆದು, ಹೆಸರು ಬರೆದು ತೆಗೆಯಿರಿ. ಗೇಟಿನ ಎದುರಿನ ಚಹದ ಅಂಗಡಿ, ಸೈಕಲ್ ಅಂಗಡಿ, ಕಿರಾಣಿ ಅಂಗಡಿಗಳ ಪಟವೂ ಬೇಕು; ಗಿರಣಿ ನಿಂತರೆ ಅವರ ಗಿರಾಕಿಯೂ ನಿಲ್ಲುತ್ತಾನೆ, ದೊಡ್ಡ ಮಳಿಗೆ ಬಂದರೆ ಬಾಡಿಗೆಯೂ ಏರುತ್ತದೆ. ಸಾರುವೆ ಏರಿ ಗೋಡೆ ಕೆಡವುವ ದಿನಗೂಲಿಯವನ ಪಟ ತೆಗೆಯಿರಿ: ತಲೆಗೆ ಟೋಪಿ ಉಂಟೋ, ಸೊಂಟಕ್ಕೆ ಹಗ್ಗ ಉಂಟೋ ಕಾಣಲಿ. ಕಡೆಯದಾಗಿ, ಪೌರಸಭೆಯಲ್ಲಿ ಒಪ್ಪಿದ ನಕ್ಷೆ, ಕರಾರುಗಳ ನಕಲು ಪಡೆದು ಆ ಪಟಗಳ ಪಕ್ಕದಲ್ಲಿಡಿ. ಮಾತು ಕೊಟ್ಟದ್ದೆಷ್ಟು, ಕಟ್ಟಿದ್ದೆಷ್ಟು ಎಂಬುದು ಮಕ್ಕಳಿಗೂ ತಿಳಿಯಲಿ.

ಹಳೆಯ ಗೋಡೆಗಳು ಉಳಿಯಲಿ. ಅವು ನಮ್ಮವರ ಬೆವರಿನಿಂದ ಎದ್ದವು. ಆದರೆ ಗೋಡೆಗೆ ಕೊಡುವ ಜಾಮೀನನ್ನು ಗೋಡೆ ಕಟ್ಟಿದವನ ಮಕ್ಕಳಿಗೂ ಕೊಡಬೇಕು. ನಮ್ಮ ಬೇಡಿಕೆ ಇಷ್ಟೇ. ಇದಕ್ಕಿಂತ ಕಡಿಮೆಗೆ ಒಪ್ಪಲಾಗದು.