ಬೇಸಗೆಗೆ ಬೇರೆ ಗಡಿಯಾರ

ಕಲಬುರಗಿ ಜಿಲ್ಲೆಯ ಚಂದ್ರಂಪಳ್ಳಿ, ಚಿಂಚೋಳಿ ಕಡೆ ಬೇಸಗೆ ಬಂತೆಂದರೆ ಹಾಸಿಗೆ ಮಾಳಿಗೆ ಏರುತ್ತದೆ, ಹೊರಸು ಅಂಗಳಕ್ಕೆ ಬರುತ್ತದೆ. ಗೋಡೆ ಕಿಟಕಿಗಳ ಅಡ್ಡವಿಲ್ಲದ ನಿದ್ದೆ ಅದು. ನಸುಕಿನ ಐದಕ್ಕೆ ಫರಸಿ ಕೊಯ್ಯುವ ಮಷಿನ್ ಕಿರುಚಿದರೆ ಓಣಿಯೆಲ್ಲ ಎದ್ದು ಕೂರುತ್ತದೆ. ಗೌಂಡಿಯನ್ನು ಕೇಳಿ ನೋಡಿ, ಅವನದೂ ನ್ಯಾಯವೇ: "ಹನ್ನೆರಡರ ಮ್ಯಾಲ ಕಲ್ಲು ಕೆಂಡ ಆಗ್ತದ್ರಿ, ಕೈ ಹಚ್ಚಲಿಕ್ಕ ಬರಲ್ಲ."

2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಸದ್ದು ಮಾಡುವ ಕಟ್ಟಡ ಯಂತ್ರ ನಡೆಸಬಾರದೆಂದು 2010ರ ತಿದ್ದುಪಡಿ ಹೇಳಿತು. ನಿಷೇಧ ಯಂತ್ರಕ್ಕೆ, ಕೆಲಸಕ್ಕಲ್ಲ. ಐದಕ್ಕೇ ಬಂದು ಇಟ್ಟಿಗೆ ಕಟ್ಟಲಿ, ನಿನ್ನೆಯ ಗೋಡೆಗೆ ನೀರು ಹೊಡೆಯಲಿ. ಕರಣಿಯ ಸದ್ದಿಗೆ ಯಾರ ನಿದ್ದೆಯೂ ಕೆಡದು. ಯಂತ್ರ ಮಾತ್ರ ಆರರವರೆಗೆ ಸುಮ್ಮನಿರಲಿ. ಜಗಳ ಅರ್ಧ ಇಲ್ಲೇ ಮುಗಿಯುತ್ತದೆ.

ಇನ್ನರ್ಧ ಉಳಿಯುವುದು ನಿಯಮ ಬಿಟ್ಟುಕೊಟ್ಟ ಹದಿನಾರು ಗಂಟೆಗಳಲ್ಲಿ. ಒಂಬತ್ತಕ್ಕೇ ದೀಪ ಆರಿಸುವ ಊರಿಗೆ ರಾತ್ರಿ ಹತ್ತು ತೀರಾ ತಡ. ಮೇ ತಿಂಗಳ ನಡುಮಧ್ಯಾಹ್ನ ಕೂಲಿಗೂ ಬೇಡ, ಮಲಗಿದ ಕೂಸಿಗೂ ಬೇಡ. ಬಿಸಿಲಿಗೆ ಹೆದರಿ ಸರ್ಕಾರವೇ ಕಲಬುರಗಿ ವಿಭಾಗದ ಕಚೇರಿಗಳನ್ನು ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ರಿಂದ 1.30ಕ್ಕೆ ತರುತ್ತದೆ. ಗುಮಾಸ್ತನಿಗೆ ಬದಲಾಗುವ ಗಡಿಯಾರ ಗೌಂಡಿಗೆ ಯಾಕೆ ಬದಲಾಗಬಾರದು? ಬೇಸಗೆಯಲ್ಲಿ ಯಂತ್ರಕ್ಕೆ ಬೆಳಿಗ್ಗೆ ಆರರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಎಂಟು ಸಾಕು. ಸದ್ದು ಕಾಟವಾದಾಗ ಲಿಖಿತ ಆದೇಶದಿಂದ ಕಟ್ಟುಹಾಕುವ ಅಧಿಕಾರ ಅದೇ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ಗುತ್ತಿಗೆ ಹಿಡಿದವನಿಗೆ ಕೆಲಸ ನಾಲ್ಕು ದಿನ ಜಾಸ್ತಿಯಾದೀತು, ನಿಜ. ಆ ಖರ್ಚು ಮನೆ ಕಟ್ಟಿಸುವವರದು, ಕೂಲಿಯವನದಲ್ಲ.

ಶಹಾಬಾದಿನಂಥ ಊರಲ್ಲಿ ಕಲ್ಲು ಪಾಲಿಶ್ ಮಷಿನಿಗೂ ಮನೆಗೂ ಒಂದೇ ಗೋಡೆಯಿದ್ದರೆ ಪ್ರಶ್ನೆ ಇನ್ನೂ ಬಿಗಿ: ಮನೆಯ 55 ಹಿಡಿಯಬೇಕೋ, ಕೈಗಾರಿಕಾ ಪ್ರದೇಶದ 75 ಹಿಡಿಯಬೇಕೋ? ನಾನು ಮನೆಯ ಪಕ್ಷ. ಕಲ್ಲು ಮಲಗುವುದಿಲ್ಲ.

ರಾತ್ರಿಯ ನಿರ್ಬಂಧ ಮುರಿದರೆ ದೂರಿಗೆ ಡೆಸಿಬಲ್ ಲೆಕ್ಕ ಕೂಡ ಬೇಕಿಲ್ಲ. ಆದರೂ ಯಾರೂ ಕೊಡುವುದಿಲ್ಲ. ಕಟ್ಟಿಸುವವರು ಓಣಿಯ ಕಾಕಾನೋ ಮಾವನೋ. ನಾಳೆ ಅವರ ವಾಸ್ತುಶಾಂತಿಗೆ ಹೋಳಿಗೆ ಉಣ್ಣಲು ಹೋಗಬೇಕು. ಪರವಾನಗಿ ಕೊಡುವಾಗಲೇ ಯಂತ್ರದ ವೇಳೆ ಬರೆದ ಹಲಗೆಯೊಂದನ್ನು ಪಂಚಾಯಿತಿಯೋ ಪುರಸಭೆಯೋ ಕಟ್ಟಡದ ಮುಂದೆ ಹಾಕಿಸಲಿ. ಆಗ ನೆರೆಯವರು ಬಾಯಿ ಬಿಡಬೇಕಿಲ್ಲ, ಬೆರಳು ತೋರಿಸಿದರಾಯಿತು.