ಕೇಳದೆ ಹತ್ತಿಸಿದ ನೌಕೆ

ಈ ವಾರ ಹಾಸನದಿಂದ ಹೊರಟ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಎಸ್.ಎಲ್. ಭೈರಪ್ಪನವರ ‘ಯಾನ’ದಲ್ಲಿ ಮುಳುಗಿದ್ದಳು, ಚನ್ನರಾಯಪಟ್ಟಣ ಬಂದರೂ ತಲೆಯೆತ್ತಲಿಲ್ಲ. ಇದೇ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದವರು ಭೈರಪ್ಪ. 2014ರಲ್ಲಿ ಬಂದ ಈ ಕಾದಂಬರಿಯ ನೌಕೆ ಸುಮಾರು 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿಯತ್ತ ಹೊರಟಿದೆ, ಹತ್ತಿದವರು ಮರಳುವ ಮಾತೇ ಇಲ್ಲ. ಉತ್ತರೆ, ಸುದರ್ಶನ ಒಪ್ಪಿ ಹೊರಟವರು. ಆದರೆ ನೌಕೆಯಲ್ಲೇ ಹುಟ್ಟಿದ ಆಕಾಶ, ಮೇದಿನಿಯರನ್ನು ಯಾರು ಕೇಳಿದರು? ಫ್ರೆಂಚ್ ಲೇಖಕ ಕಮೂ 1942ರಲ್ಲಿ ಪ್ರಕಟಿಸಿದ ಪ್ರಬಂಧದ ಸಿಸಿಫಸ್‌, ಬಂಡೆಯನ್ನು ಮತ್ತೆ ಮತ್ತೆ ಬೆಟ್ಟಕ್ಕೆ ತಳ್ಳುವ ಶಿಕ್ಷೆ ಹೊತ್ತವನು; ಅವನಿಗೂ ಬಂಡೆ ಉರುಳಿದ ಮೇಲೆ ಬೆಟ್ಟ ಇಳಿಯುವಷ್ಟು ಹೊತ್ತಾದರೂ ಬಿಡುವಿತ್ತು. ಈ ಮಕ್ಕಳಿಗೆ ಇಳಿಯಲು ನೆಲವೇ ಇಲ್ಲ. ಆದರೂ ಅವರು ತಮ್ಮದೇ ರೀತಿಯಲ್ಲಿ ಬಂಡೇಳುತ್ತಾರೆ. ವಿಜ್ಞಾನ ಕಥೆಯಲ್ಲಿ ಬಂಡಾಯವೆಂದರೆ ಎಲ್ಲರಿಗೂ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದ ಹ್ಯಾಲ್ ಕಂಪ್ಯೂಟರ್ ಮಾಡಿದ ಕೊಲೆಗಳೇ ನೆನಪಾಗುತ್ತವೆ. ಆದರೆ ಅಪ್ಪ ಅಮ್ಮ ಬರೆದಿಟ್ಟದ್ದನ್ನು ಆಕಾಶ, ಮೇದಿನಿ ಕೂತು ಓದುತ್ತಾರಲ್ಲ, ತಮ್ಮನ್ನು ಇಲ್ಲಿಗೆ ತಂದ ಕಾರಣ ತಿಳಿಯಲೇಬೇಕೆಂದು ಹಟ ಹಿಡಿಯುವ ಆ ಓದು ನನಗೆ ಹ್ಯಾಲ್‌ನ ದಂಗೆಗಿಂತ ದೊಡ್ಡದು.